ವರ್ನಾ ಪತ್ತೆಹಚ್ಚಿದ ಹನ್ನೊಂದನೆಯ ತುಣುಕು

ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ಮ್ಯಾಗ್ನೋಲಿಯಾ ರಸ್ತೆಯಲ್ಲಿ ನನ್ನದೊಂದು ಅಂಗಡಿಯಿದೆ. ಸಿನಿಮಾಗಳ ಹಿನ್ನೆಲೆ ಸಂಗೀತದ ರೆಕಾರ್ಡು, ಸಿ.ಡಿ.ಗಳನ್ನು ಬಿಟ್ಟರೆ ಅಲ್ಲಿ ಬೇರೇನೂ ಸಿಗುವುದಿಲ್ಲ. ಇಂಥ ಅಂಗಡಿಗೆ ಯಾರು ಬರುತ್ತಾರೆ ಎಂದು ಕೇಳಿದವರಿಗೆ ನಾನು ವರ್ನಾ ಕುಲ್ಹಾನೆಕ್‌ಳ ಕಥೆ ಹೇಳುತ್ತೇನೆ.

ವರ್ನಾ ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಗಟ್ಟಿ ಆಳು, ಗಟ್ಟಿ ದನಿ. ಸಂಗೀತವನ್ನು ಯಾರ ಹತ್ತಿರವೂ ಕಲಿತವಳಲ್ಲ. ಆದರೆ ಒಮ್ಮೆ ಕೇಳಿದ್ದು ಅವಳ ಕಿವಿಯಿಂದ ಆಚೆ ಹೋಗುತ್ತಿರಲಿಲ್ಲ. ಅವಳ ದೇವರು ಅಂಬ್ರೋಸ್ ಫೀಲಿ. ಬಾವಿಯೊಳಗಿನ ದೆವ್ವದ ಕಥೆಯಾದ 'ಟ್ಯಾನರ್ಸ್ ವೆಲ್' ಸಿನಿಮಾಕ್ಕೂ ಅದರ ಮುಂದಿನ ಎರಡು ಭಾಗಗಳಿಗೂ ಸಂಗೀತ ಕೊಟ್ಟವನು. ಮೊದಲ ಭಾಗದ ಸಂಗೀತ ಅದ್ಭುತವೆಂದು ಎಲ್ಲರೂ ಒಪ್ಪಿಬಿಟ್ಟಿದ್ದರಿಂದ ಅದರ ಬಗ್ಗೆ ಮಾತಾಡುವುದರಲ್ಲಿ ಯಾವ ಮಜವೂ ಇರಲಿಲ್ಲ. ಜಗಳವೆಲ್ಲ ಎರಡನೆಯ ಭಾಗದ್ದು ಹೆಚ್ಚೋ, ಮೂರನೆಯದ್ದು ಹೆಚ್ಚೋ ಎಂದು.

ವರ್ನಾ ಎರಡರ ಪಕ್ಷ. ಮೂರರ ಪಕ್ಷದ ನಾಯಕ ಓರೆನ್ ಟ್ಯಾಗರ್ಟ್. ನಾಲ್ಕು ಬಾಗಿಲು ಆಚೆ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ತೆಳ್ಳನೆಯ ಮನುಷ್ಯ. ಇಬ್ಬರೂ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಅಂಗಡಿಗೆ ಬಂದು, ಒಂದೇ ಡಬ್ಬಿಯ ಡೋನಟ್ ತಿನ್ನುತ್ತ ಒಬ್ಬರನ್ನೊಬ್ಬರು ಹರಿದು ಹಾಕುತ್ತಿದ್ದರು.

ಒಂದು ಸಲ ವರ್ನಾ ತನ್ನ ವಾದಕ್ಕೆ ಪುರಾವೆಯನ್ನೇ ತಂದಳು. ಸೋಮವಾರ ಬಸ್ಸಿನಲ್ಲಿ ಮೂರರ ಆಲ್ಬಮ್ ಹಾಕಿದಳಂತೆ. ಮಕ್ಕಳು ಎಂದಿನಂತೆ ಕಿರುಚಾಡಿದವು. ಮಂಗಳವಾರ ಎರಡರದ್ದನ್ನು ಹಾಕಿದಳು. ನಲವತ್ತು ಮಕ್ಕಳು ಕೈಕಟ್ಟಿ ಕೂತು, ಶಾಲೆ ಬಂದರೂ ಇಳಿಯಲು ಹೆದರಿದವಂತೆ. ಬುಧವಾರ ಶಾಲೆಯವರು ಅವಳನ್ನು ಕರೆಸಿ, ಇನ್ನು ಮೇಲೆ ಬಸ್ಸಿನಲ್ಲಿ ಏನನ್ನೂ ಹಾಕಬಾರದೆಂದು ಬರೆಸಿಕೊಂಡರು. ಆ ಕಾಗದದ ನಕಲನ್ನು ಅವಳು ಓರೆನ್‌ನ ಮೂಗಿನ ಮುಂದೆ ಹಿಡಿದಳು.

"ನೋಡಪ್ಪಾ, ಸರ್ಕಾರಿ ಮೊಹರು ಬಿದ್ದಿದೆ. ಎರಡೇ ಭಯಂಕರ ಅಂತ."

"ನಿನ್ನ ಡ್ರೈವಿಂಗ್ ನೋಡಿ ಹೆದರಿರ್ತವೆ ಕಣಮ್ಮಾ," ಎಂದ ಓರೆನ್.

ಅವನ ಪ್ರಾಣವಿದ್ದದ್ದು ಮೂರನೆಯ ಭಾಗದ ಕೊನೆಯ ದೃಶ್ಯದ ಸಂಗೀತದಲ್ಲಿ. ಗುಡುಗು, ಚೀರಾಟಗಳ ಅಡಿಯಲ್ಲಿ ಸೆಲ್ಲೊ ಎಂಬ ದೊಡ್ಡ ಪಿಟೀಲುಗಳು ನಿಧಾನವಾಗಿ ಪಾತಾಳಕ್ಕೆ ಜಾರುವ ಸಂಗೀತ ಅದು. ಯಾವ ಆಲ್ಬಮ್ಮಿನಲ್ಲೂ ಬಂದಿರಲಿಲ್ಲ, ಸಿನಿಮಾದಲ್ಲೇ ಕೇಳಬೇಕು. ಅದಕ್ಕೆ ವರ್ನಾ ಇಟ್ಟಿದ್ದ ಹೆಸರು "ನಾಯಿ ಆಕಳಿಕೆ."

ಹೀಗಿರುವಾಗ ಒಂದು ಸಣ್ಣ ಕಂಪನಿ ಎರಡನೆಯ ಭಾಗದ ಸಂಪೂರ್ಣ ಸಂಗೀತವನ್ನು ಸಿ.ಡಿ.ಯಾಗಿ ತರುವುದಾಗಿ ಸಾರಿತು. ಬರೀ ಸಾವಿರದ ಇನ್ನೂರು ಪ್ರತಿ. ಬಿಡುಗಡೆಯ ದಿನ ಎಂಬತ್ಮೂರು ವರ್ಷದ ಫೀಲಿಯೇ ನನ್ನ ಅಂಗಡಿಗೆ ಬಂದು ಸಹಿ ಹಾಕುವುದೆಂದು ಗೊತ್ತಾಯಿತು. ಡಬ್ಬಿಗಳು ಒಂದು ವಾರ ಮೊದಲೇ ಬಂದವು. ನಿಯಮ ಮುರಿದು ವರ್ನಾಳಿಗೊಂದು ಪ್ರತಿ ಕೊಟ್ಟೆ. ಕೊಡದಿದ್ದರೆ ಅವಳು ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡದ್ದೇ ಕೂಗಿದಳು: "ರೂಫಸ್, ಈ ಕಂಪನಿಯವರು ಎಡವಟ್ಟು ಮಾಡಿದಾರೆ. ಹನ್ನೊಂದನೇ ತುಣುಕು ಎರಡರದ್ದಲ್ಲ!"

ಆ ತುಣುಕಿನ ಹೆಸರು 'ಬಾವಿಯೊಳಗೆ ಇಣುಕಿದಾಗ'. ಸಿನಿಮಾದಲ್ಲಿ ಅಲ್ಲಿ ಮರದ ಮೇಲೆ ಏಳು ಬಡಿತ, ಆಮೇಲೆ ಒಂಟಿ ಪಿಟೀಲು. ಆದರೆ ಸಿ.ಡಿ.ಯಲ್ಲಿ ಬಡಿತವೂ ಇಲ್ಲ, ಪಿಟೀಲೂ ಇಲ್ಲ, ಸೆಲ್ಲೊಗಳು ಜಾರುತ್ತಿದ್ದವು. ಅಷ್ಟರಲ್ಲಿ ಓರೆನ್ ಬಂದ. ಅವನಿಗೂ ಕೇಳಿಸಿದೆವು.

"ಇದು ಮೂರರ ನಾಯಿ ಆಕಳಿಕೆ," ಎಂದಳು ವರ್ನಾ. "ಇಷ್ಟು ದರಿದ್ರವಾಗಿರೋದು ಎರಡರಲ್ಲಿ ಇರೋಕೆ ಸಾಧ್ಯಾನೇ ಇಲ್ಲ."

ಓರೆನ್ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದ. "ಛೆ ಛೆ, ಮೂರರದ್ದು ಎಷ್ಟು ಗಂಭೀರವಾಗಿದೆ! ಇದು ಗಡಿಬಿಡಿಯಲ್ಲಿ ಓಡ್ತಿದೆ. ಇಷ್ಟು ದರಿದ್ರವಾಗಿದೆ ಅಂದ್ಮೇಲೆ ಎರಡರದ್ದೇ."

ಹೀಗೆ ಒಂದೇ ಸಂಗೀತವನ್ನು ಇಬ್ಬರೂ ಸೇರಿ ಉಗಿದು, ಪರಸ್ಪರರ ಮನೆಗೆ ತಳ್ಳಿದರು. ಕೊನೆಗೆ ಪಂದ್ಯ ಕಟ್ಟಿದರು. ತೀರ್ಪು ಫೀಲಿಯದೇ. ಸೋತವರು 'ನನ್ನ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಮಾತ್ರ' ಎಂದು ಬರೆದ ಟೀ ಶರ್ಟನ್ನು ಒಂದು ತಿಂಗಳು ತೊಡಬೇಕು. ವಾಕ್ಯ ಹೊಸೆದವಳು ವರ್ನಾ. ಓರೆನ್‌ನ ಅಳತೆಗೆ ಸರಿಯಾಗಿ ಒಂದು ಶರ್ಟನ್ನು ಆಗಲೇ ಮಾಡಿಸಿಯೂ ಬಿಟ್ಟಳು. ಇದು ಗೊತ್ತಾದ ಓರೆನ್ ಅವಳ ಅಳತೆಗೆ ಇನ್ನೊಂದು ಮಾಡಿಸಿದ.

ಬಿಡುಗಡೆಯ ದಿನ ಜನರ ಸಾಲು ರಸ್ತೆಯ ತಿರುವಿನ ತನಕ ಬೆಳೆದಿತ್ತು. ಫೀಲಿ ನೀಲಿ ಸ್ವೆಟರ್ ತೊಟ್ಟು, ಪುಟ್ಟ ಹಕ್ಕಿಯ ಹಾಗೆ ಕುರ್ಚಿಯಲ್ಲಿ ಕೂತಿದ್ದ. ಸಾಲಿನ ಮೊದಲಿಗೇ ವರ್ನಾ, ಅವಳ ಬೆನ್ನಿಗೆ ಓರೆನ್. ಅಷ್ಟು ವರ್ಷ ಕಾದಿದ್ದ ಹೆಂಗಸು, ದೇವರು ಎದುರು ಬಂದಾಗ ನಮಸ್ಕಾರ ಹೇಳುವುದನ್ನೂ ಮರೆತು ಹೆಡ್‌ಫೋನ್ ಚಾಚಿದಳು.

"ಸರ್, ತಪ್ಪು ತಿಳ್ಕೋಬೇಡಿ. ಇದು ಯಾವ ಭಾಗದ್ದು ಹೇಳಿಬಿಡಿ. ನಮ್ಮಲ್ಲಿ ಒಬ್ಬರ ಮಾನ ಹೋಗೋದಿದೆ."

ಮುದುಕ ಕೇಳಿದ. ತಲೆ ತೂಗಿದ. "ಚೆನ್ನಾಗಿದೆಯಲ್ಲ! ಯಾರು ಬರೆದದ್ದು?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಫೀಲಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಇನ್ನೊಮ್ಮೆ ಕೇಳಿದ. ಈ ಸಲ ಅವನ ತುಟಿಯಂಚಿನಲ್ಲಿ ಕಳ್ಳನಗೆ ಹರಡಿತು.

"ಅಯ್ಯೋ, ಇದಾ! ಎರಡಕ್ಕೇ ಬರೆದಿದ್ದೆ. ನಿರ್ದೇಶಕ ಕೇಳಿದ, ಕಸದಬುಟ್ಟಿಗೆ ಹಾಕು ಅಂದ. ಅದಕ್ಕೇ ಬೇರೆ ಬರೆದುಕೊಟ್ಟೆ, ಆ ಬಡಿತದ್ದು. ಮೂರರ ಹೊತ್ತಿಗೆ ನನ್ನ ಕೈ ಮುರಿದಿತ್ತು. ಕೊನೇ ದೃಶ್ಯಕ್ಕೆ ಏನೂ ಇರಲಿಲ್ಲ. ಇದೇ ಟೇಪನ್ನ ನಿಧಾನಕ್ಕೆ ಓಡಿಸಿ ಹಾಕಿದೆ. ಮೇಲೆ ಅಷ್ಟೊಂದು ಗುಡುಗು ಇತ್ತಲ್ಲ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ನಲವತ್ತು ವರ್ಷ ಯಾರಿಗೂ ಗೊತ್ತಾಗ್ಲೂ ಇಲ್ಲವಲ್ಲ!"

ವರ್ನಾ, ಓರೆನ್ ಇಬ್ಬರೂ ಒಟ್ಟಿಗೆ ಶುರು ಮಾಡಿದರು.

"ನೀನು ಜೀವನಪೂರ್ತಿ ಪೂಜೆ ಮಾಡಿದ್ದು ಎರಡರ ಕಸವನ್ನ ಕಣಯ್ಯಾ!"

"ನೀನು ಜೀವನಪೂರ್ತಿ ನಾಯಿ ಆಕಳಿಕೆ ಅಂತ ಬೈದದ್ದು ನಿನ್ನ ಎರಡನ್ನೇ ಕಣಮ್ಮಾ!"

"ಇಬ್ಬರೂ ಸೋತಿರಿ," ಎಂದು ಫೀಲಿ ಶಾಂತವಾಗಿ ತೀರ್ಪಿತ್ತ. "ಆದರೆ ಈಯಮ್ಮನ ಕಿವಿ ಕಿವಿಯೇ. ನನಗೇ ನೆನಪಿರಲಿಲ್ಲ."

ಅಲ್ಲೇ, ಅವನೆದುರಿಗೇ, ಇಬ್ಬರೂ ಟೀ ಶರ್ಟ್ ಏರಿಸಿಕೊಂಡರು. ಅವನು ಇಬ್ಬರ ಬೆನ್ನ ಮೇಲೂ ಸಹಿ ಹಾಕಿದ. ವರ್ನಾಳಿಗೆ ಇದರಿಂದ ಅವಮಾನವೇನೂ ಆಗಲಿಲ್ಲ. ಹೆಬ್ಬಾಗಿಲಿನಿಂದ ಮೆರವಣಿಗೆ ಹೊರಟವಳ ಹಾಗೆ ಹೊರಟಳು. ಓರೆನ್ ಮಾತ್ರ ಒಂದು ವಾರ ಕೋಟಿನ ಗುಂಡಿ ಬಿಚ್ಚಲಿಲ್ಲ. ಸೆಕೆ ತಡೆಯಲಾರದೆ ಒಂದು ದಿನ ಬಿಚ್ಚಿದ. ಗಿರಾಕಿಗಳು ಒಳಗಿದ್ದ ಟೀ ಶರ್ಟನ್ನು ಕನ್ನಡಕದ ಜಾಹೀರಾತೆಂದು ತಿಳಿದು, "ನಮಗೂ ಒಂದು ಕೊಡಿ" ಎಂದು ಗಂಟುಬಿದ್ದರು. ಅವನು ಎರಡು ಡಜನ್ ಮಾಡಿಸಿದ. ವಾಕ್ಯ ತನ್ನದೆಂದು ವರ್ನಾ ಜಗಳಕ್ಕೆ ಹೋಗಿ, ತನ್ನ ಓದುವ ಕನ್ನಡಕವನ್ನು ಬಿಟ್ಟಿಯಾಗಿ ಮಾಡಿಸಿಕೊಂಡು ಬಂದಳು.

ನಿಜವಾದ ಹನ್ನೊಂದನೆಯ ತುಣುಕು ಎಲ್ಲಿದೆಯೆಂದು ಕಂಪನಿಯವರಿಗೆ ತಿಳಿದಿರಲಿಲ್ಲ. ಫೀಲಿಯ ಗ್ಯಾರೇಜಿನಲ್ಲಿ ಹೆಸರಿಲ್ಲದ ಮುನ್ನೂರು ಟೇಪುಗಳಿದ್ದವು. ಅವನ್ನು ಕೇಳಿ ಗುರುತಿಸಲು ಯಾರಿದ್ದಾರೆ ಎಂದು ಅವರು ಕೇಳಿದಾಗ, ಅವನು ಬಸ್ಸು ಓಡಿಸುವ ಹೆಂಗಸನ್ನು ಕರೆಸಿ ಎಂದ. ನಿವೃತ್ತಿಗೆ ಎರಡು ತಿಂಗಳಿದ್ದ ವರ್ನಾ ಬುಧವಾರ ಬುಧವಾರ ಅಲ್ಲಿಗೆ ಹೋಗತೊಡಗಿದಳು. ಮೂರನೆಯ ವಾರವೇ ಏಳು ಬಡಿತದ ಟೇಪು ಸಿಕ್ಕಿತು. ಕಂಪನಿಯವರು ಕೊಂಡವರಿಗೆಲ್ಲ ಹೊಸ ಸಿ.ಡಿ. ಕಳಿಸಿದರು. ಜೊತೆಗಿದ್ದ ಪುಸ್ತಿಕೆಯಲ್ಲಿ ಅವಳು ಬರೆದ ಎರಡು ಪುಟವಿತ್ತು. ಹೆಸರು ಮಾತ್ರ 'ವೆರಾ ಕುಲ್ಮನ್' ಎಂದು ಅಚ್ಚಾಗಿತ್ತು. ಓರೆನ್ ಇವತ್ತಿಗೂ ಅವಳನ್ನು ವೆರಾ ಎಂದೇ ಕರೆಯುತ್ತಾನೆ.

ಹಾಗೆ ಹೋದ ಒಂದು ಬುಧವಾರ, ಟೇಪುಗಳ ನಡುವೆ ಸ್ಯಾಂಡ್‌ವಿಚ್ ತಿನ್ನುತ್ತ ಅವಳು ಧೈರ್ಯ ಮಾಡಿ ಕೇಳಿಯೇಬಿಟ್ಟಳಂತೆ: "ಸರ್, ನಿಮಗೆ ಯಾವುದಿಷ್ಟ? ಎರಡಾ, ಮೂರಾ?"

"ಎರಡೂ ಅಲ್ಲ," ಎಂದನಂತೆ ಫೀಲಿ. "ನಾಯಿ ಬಿಸ್ಕತ್ತಿನ ಜಾಹೀರಾತಿಗೆ ಒಂದು ಮಾಡಿದ್ದೆ, ಅರ್ಧ ನಿಮಿಷದ್ದು. ಅಷ್ಟು ಚೆನ್ನಾಗಿರೋದು ಮತ್ತೆ ನನ್ನ ಕೈಲಿ ಆಗಲಿಲ್ಲ."

ಇದನ್ನು ಅವಳು ನನಗೊಬ್ಬನಿಗೆ ಹೇಳಿ, ಓರೆನ್ ಮುಂದೆ ಬಾಯಿ ಬಿಟ್ಟರೆ ಜೋಕೆ ಎಂದಳು. ನಾನು ಎರಡು ದಿನ ತಡೆದುಕೊಂಡೆ.