ಜರ್ಮನಿ ಟೀಚರಿಗೆ ಅರಿಶಿನ ಕುಂಕುಮ

ಕಳೆದ ವರ್ಷ ದೀಪಾವಳಿ ಮುಗಿದು ಮಕ್ಕಳು ಮತ್ತೆ ಶಾಲೆಗೆ ಹೋಗತೊಡಗಿದ್ದ ಸಮಯ. ಕುರುಬರಹಳ್ಳಿಯ ನಮ್ಮ ಮನೆಗೆ ಜರ್ಮನಿಯಿಂದ ಒಬ್ಬ ಟೀಚರ್ ಬಂದಿದ್ದರು. ಬಂದಿದ್ದರು ಅಂದರೆ ಲ್ಯಾಪ್‌ಟಾಪಿನೊಳಗೆ ಬಂದಿದ್ದರು. ಆದರೆ ನನ್ನ ಲೆಕ್ಕದಲ್ಲಿ ಬಂದವರು ಬಂದವರೇ. ಅವತ್ತಿನ ಎಡವಟ್ಟಿಗೆಲ್ಲ ಇದೇ ಕಾರಣ.

ನನ್ನ ಮೊಮ್ಮಗಳು ಸಿಂಚನಾ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸು. ಆ ಶಾಲೆಗೂ ಜರ್ಮನಿಯ ಒಂದು ಶಾಲೆಗೂ ಒಪ್ಪಂದವಾಗಿದೆ. ಇಲ್ಲಿನ ಮಕ್ಕಳು ಅಲ್ಲಿಗೆ ಹೋಗಿ, ಅಲ್ಲಿನವರು ಇಲ್ಲಿಗೆ ಬಂದು ಒಬ್ಬರ ಮನೆಯಲ್ಲಿ ಒಬ್ಬರು ಇದ್ದು ಭಾಷೆ ಕಲಿಯಬೇಕು, ಜೊತೆಯಲ್ಲಿ ಕೆಲಸ ಮಾಡುವುದನ್ನು ಕಲಿಯಬೇಕು. ಮುಂದಿನ ಕಾಲಕ್ಕೆ ಇದೆಲ್ಲ ಬೇಕೇ ಬೇಕಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅರ್ಥವಾದದ್ದು ಇಷ್ಟು: ಆಯ್ಕೆಯಾದ ಕೆಲವೇ ಮಕ್ಕಳಿಗೆ ವಿಮಾನ, ಉಳಿದವರಿಗೆ ಇಲ್ಲ. ಸಿಂಚನಾ ಅಂತೂ ಆ ಊರಿನ ಫೋಟೋವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು.

ತೊಂದರೆ ಒಂದೇ. ಹುಡುಗಿಗೆ ಬಾಯಿ ಇಲ್ಲ. ಮಾರ್ಕ್ಸಿಗೇನೂ ಕಮ್ಮಿ ಇಲ್ಲ, ಆದರೆ ಮನೆಗೆ ನೆಂಟರು ಬಂದರೆ ಬಾಗಿಲ ಸಂದಿಯಿಂದ ಆಚೆ ಬರುವವಳಲ್ಲ. ಜರ್ಮನ್ ಭಾಷೆಯನ್ನು ಪುಟಗಟ್ಟಲೆ ಬರೆಯುತ್ತಾಳೆ, ಎರಡು ಮಾತಾಡು ಅಂದರೆ ನೆಲ ನೋಡುತ್ತಾಳೆ. ಅವಳ ಗೀತಾ ಮಿಸ್ ಮೊದಲೇ ಹೇಳಿಬಿಟ್ಟಿದ್ದರು, "ಬಾಯಿಪಾಠ ಒಪ್ಪಿಸೋರು ಬೇಡ ಪುಟ್ಟ, ಮಾತಾಡೋರು ಬೇಕು" ಅಂತ.

ಆಯ್ಕೆಗೆ ಅವರು ಇಟ್ಟ ಪರೀಕ್ಷೆ ಹೀಗೆ. ಪ್ರತಿ ಮಗುವೂ ತನ್ನ ಮನೆಯಿಂದಲೇ ಆ ಟೀಚರ ಜೊತೆ ಜರ್ಮನ್‌ನಲ್ಲಿ ಮಾತಾಡಿ, ಮನೆಯ ಹಿರಿಯರೊಬ್ಬರನ್ನು ಪರಿಚಯ ಮಾಡಿಕೊಡಬೇಕು. ಆ ಹಿರಿಯರು ನಾನು.

ಬೆಳಗ್ಗೆಯಿಂದ ಮನೆಯಲ್ಲಿ ಹೆಣ್ಣು ನೋಡಲು ಬರುವ ದಿನದ ಗಡಿಬಿಡಿ. ಸೊಸೆ ಪವಿತ್ರ ಸೋಫಾಗೆ ಹೊಸ ಬಟ್ಟೆ ಹೊದಿಸಿದಳು. ನಮ್ಮ ಯಜಮಾನರಿಗೆ ಪ್ಯಾಂಟು ಹಾಕಿಕೊಳ್ಳಿ ಎಂದರೆ, ನನ್ನ ಕರೆದಿಲ್ಲವಲ್ಲ ಎಂದು ಪಂಚೆಯಲ್ಲೇ ಮೂಲೆಯ ಕುರ್ಚಿ ಹಿಡಿದು ಕೂತರು. ನಾನು ಮಗಳ ಮದುವೆಯಲ್ಲಿ ಉಟ್ಟ ಸೀರೆ ಉಟ್ಟೆ. ಸಿಂಚನಾ ಲ್ಯಾಪ್‌ಟಾಪಿನ ಮೇಲಂಚಿನಲ್ಲಿರುವ ಸಾಸಿವೆಕಾಳಿನಷ್ಟು ತೂತನ್ನು ತೋರಿಸಿ, "ಅಜ್ಜಿ, ಮಾತಾಡುವಾಗ ಇಲ್ಲಿ ನೋಡಿ. ಅವರ ಕಣ್ಣು ಇಲ್ಲೇ ಇದೆ ಅನ್ಕೊಳ್ಳಿ" ಎಂದು ಹೇಳಿಕೊಟ್ಟಳು. ನಾನು ಹಾಗೇ ಅನ್ಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಟೀಚರ್ ಬಂದರು. ಬಿಳಿ ಕೂದಲು, ಕೆಂಪು ಕನ್ನಡಕ, ನಗುಮುಖ. ಪಕ್ಕದ ಚಿಕ್ಕ ಚೌಕದಲ್ಲಿ ಗೀತಾ ಮಿಸ್. ಸಿಂಚನಾ ಬಾಯಿಪಾಠ ಮಾಡಿದ್ದನ್ನು ಗಡಗಡ ಶುರು ಮಾಡಿದಳು. ನಾನು ಕೈಮುಗಿದೆ. ಎಲ್ಲ ಸರಿ ಹೋಗುತ್ತಿರುವಾಗ ಟೀಚರ್ ನಡುವೆ ಏನೋ ಕೇಳಿಬಿಟ್ಟರು. ಅಷ್ಟೇ, ಹುಡುಗಿ ನಿಂತುಹೋದಳು. ಕತ್ತು ಬಗ್ಗಿತು, ಕೈ ದುಪಟ್ಟಾ ಹಿಂಡತೊಡಗಿತು. ಅವರು ನಿಧಾನವಾಗಿ ಇನ್ನೊಮ್ಮೆ ಕೇಳಿದರು. ಇವಳ ಕಣ್ಣಲ್ಲಿ ನೀರು ತುಂಬಿತು. ಅಡುಗೆಮನೆ ಬಾಗಿಲಲ್ಲಿ ಪವಿತ್ರ ತಲೆಯ ಮೇಲೆ ಕೈ ಹೊತ್ತಳು. ಟೀಚರ್ ಪಾಪ, ಸಮಾಧಾನವಾಗಿ ಏನೋ ಹೇಳಿ ಕೈ ಬೀಸಿದರು. ಹೊರಟರು ಎಂದು ನನಗೆ ಗೊತ್ತಾಯಿತು.

ಮೊಮ್ಮಗಳ ವಿಮಾನ ತಪ್ಪಿತು. ಆದರೂ ಮನೆಗೆ ಬಂದ ಹೆಂಗಸು ಬರಿ ಹಣೆಯಲ್ಲಿ ಎದ್ದು ಹೊರಟಿದ್ದಾರೆ. ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ಒಬ್ಬರನ್ನೂ ಹಾಗೆ ಕಳಿಸಿದವಳಲ್ಲ ನಾನು. ಕಾಲು ತಾನಾಗೇ ದೇವರ ಕೋಣೆಗೆ ಹೋಯಿತು. ಬಟ್ಟಲು ತಂದು, "ಒಂದ್ನಿಮಿಷ ಇರೀಮ್ಮ" ಎನ್ನುತ್ತಾ ಹಣೆ ಎಲ್ಲಿ ಎಂದು ನೋಡಿದೆ. ಕಣ್ಣು ಆ ತೂತು ಎಂದ ಮೇಲೆ ಹಣೆ ಅದರ ಮೇಲೇ ಇರಬೇಕಲ್ಲ. ಕಲಸಿದ ಅರಿಶಿನ ಅದ್ದಿ ಅಲ್ಲಿಟ್ಟೆ, ಮೇಲೆ ಕುಂಕುಮ ಇಟ್ಟೆ. ಆ ಅಂಚು ಎಷ್ಟು ಅಗಲ ಇರುತ್ತದೆ ಹೇಳಿ. ಬೆರಳು ಜಾರಿ ಅಷ್ಟೂ ಕಣ್ಣಿಗೇ ಮೆತ್ತಿಕೊಂಡಿತು.

ಆ ಕಡೆಯಿಂದ ಟೀಚರ್ ಗಾಬರಿಯಾಗಿ ಕೂಗತೊಡಗಿದರು. ನಾವು ಅವರಿಗೆ ಕಾಣುತ್ತಿಲ್ಲ, ಬರೀ ಕೆಂಪು. ನಾನು ಸೆರಗಿನಿಂದ ಒರೆಸಿದೆ. ಅದು ಇನ್ನಷ್ಟು ಹರಡಿತು. ಯಜಮಾನರು ಮೂಲೆಯಿಂದ, "ಆಯ್ತು, ಜರ್ಮನಿ ಸಂಬಂಧಾನೇ ಮುಗಿಸಿಬಿಟ್ಲು ಇವಳು" ಎಂದರು.

ಆಗ ಸಿಂಚನಾ ಮಾತಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿಲ್ಲ, ಆದರೆ ಜರ್ಮನ್‌ನಲ್ಲಿ ಮಾತಾಡಿದಳು. ಅದರ ನಡುನಡುವೆ ಅಜ್ಜಿ, ಅರಿಶಿನ, ಕುಂಕುಮ ಅಂತ ಕೇಳಿಸಿತು. ಅವರು ಏನೋ ಕೇಳಿದರು. ಇವಳು ತಡವರಿಸಿ, ಮಾತು ಸಿಗದ ಕಡೆ ಹಣೆ ಮುಟ್ಟಿ ತೋರಿಸಿ, ಅವರಿಗೆ ತಾವು ಕಾಣುತ್ತಿಲ್ಲ ಎಂದು ನೆನಪಾಗಿ ಮತ್ತೆ ಬಾಯಲ್ಲೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಾಕೆ ಇಟ್ರು ಅಂತ ಕೇಳ್ತಿದಾರೆ ಅಜ್ಜಿ" ಎಂದಳು.

"ಮನೆಗೆ ಬಂದ ಹೆಣ್ಣುಮಕ್ಕಳನ್ನ ಹಂಗೇ ಕಳಿಸಲ್ಲ ಅಂತ ಹೇಳು. ಅವರಿಗೆ ಮದುವೆ ಆಗಿದೆಯಂತಾ ಕೇಳು."

"ಅಜ್ಜಿ, ಅದೆಲ್ಲಾ ಕೇಳಬಾರದು."

"ಕೇಳೇ, ಪರವಾಗಿಲ್ಲ."

ಕೇಳಿದಳು. ಚಿಕ್ಕ ಚೌಕದಲ್ಲಿ ಗೀತಾ ಮಿಸ್ ಮುಖ ಮುಚ್ಚಿಕೊಂಡರು. ಟೀಚರ್ ಜೋರಾಗಿ ನಕ್ಕು ಉತ್ತರ ಕೊಟ್ಟರು. ಸಿಂಚನಾ ನನ್ನ ಕಿವಿಯಲ್ಲಿ, "ಆಗಿತ್ತಂತೆ. ಈಗ ಬಿಟ್ಟುಬಿಟ್ಟಿದಾರಂತೆ" ಎಂದಳು.

"ಇರಲಿ ಬಿಡು, ಹಣೆ ಅವರದೇ ತಾನೆ" ಎಂದೆ.

ಅದನ್ನೂ ಹೇಳಿದಳು, ತಡವರಿಸದೆ. ಟೀಚರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುವಿಗೋ ಇನ್ನೇನಕ್ಕೋ ನಾನು ಕೇಳಲಿಲ್ಲ. ಪವಿತ್ರ ಒದ್ದೆ ಬಟ್ಟೆ ತಂದು ಕ್ಯಾಮೆರಾ ಒರೆಸಿ ನಾವು ಅವರಿಗೆ ಕಂಡ ಮೇಲೆ, ಆ ಹೆಂಗಸು ಕೂದಲು ಹಿಂದೆ ಸರಿಸಿ ತಲೆ ಮುಂದೆ ಬಗ್ಗಿಸಿದರು. ಸ್ಕ್ರೀನಿನ ತುಂಬ ಅವರ ಹಣೆ. ಇಟ್ಟೆ, ಈ ಸಲ ಸರಿಯಾದ ಜಾಗಕ್ಕೆ. ಆಮೇಲೂ ಅವರಿಬ್ಬರ ಮಾತು ನಿಲ್ಲಲಿಲ್ಲ. ಮುಂದಿನ ಮಗುವಿನ ಸರದಿ ಬಂತು ಎಂದು ಗೀತಾ ಮಿಸ್ಸೇ ಬಿಡಿಸಬೇಕಾಯಿತು.

ವಾರ ಕಳೆದು ಮಿಸ್ ಫೋನ್ ಮಾಡಿದರು. ಸಿಂಚನಾ ಆಯ್ಕೆಯಾಗಿದ್ದಾಳೆ, ಬೇಸಿಗೆಯಲ್ಲಿ ಹೊರಡಬೇಕು ಎಂದರು. ಪವಿತ್ರ ಅತ್ತೇಬಿಟ್ಟಳು. ಯಜಮಾನರು ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎನ್ನುವಂತೆ ಮೀಸೆ ತಿರುವಿದರು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದೆ.

ಹೀಗೆ ಬೀದಿ ತುಂಬ ಹೇಳಿಕೊಂಡು ಬಂದದ್ದು ನನಗೆ ಎರಡನೇ ಸಲ. ಮೊದಲನೆಯದು ಸಿಂಚನಾ ಹತ್ತು ತಿಂಗಳ ಕೂಸಾಗಿದ್ದಾಗ. ನನ್ನ ಮಡಿಲಲ್ಲಿ ಕೂತು ಏನೇನೋ ಉದ್ದಕ್ಕೆ ಮಾತಾಡಿದ್ದಳು. ಅವತ್ತೂ ನನಗೆ ಒಂದು ಅಕ್ಷರ ಅರ್ಥವಾಗಿರಲಿಲ್ಲ.