ಗಡಿಯಾರನ ಹೆರಿಗೆ ಲೆಕ್ಕ

ಲಾರಿ ಹೊಡೆಯುವ ಅವನಿಗೆ ಶೆಡ್ಡಿನವರು ಇಟ್ಟ ಹೆಸರು ಗಡಿಯಾರ. ಸಂಜೆಯೊಳಗೆ ಬರುತ್ತೇನೆಂದರೆ ಸಂಜೆಯೊಳಗೆ ಅವನ ಲಾರಿ ಗೋದಾಮಿನ ಮುಂದೆ ನಿಂತಿರುತ್ತಿತ್ತು. ತಲುಪಬೇಕಾದ ಹೊತ್ತಿಗೆ ತಲುಪದೆ ಹೋದದ್ದು ಒಂದೇ ಸಲ, ಮೊದಲ ಮಗಳು ಹುಟ್ಟಿದಾಗ. ಯಾವುದೋ ಊರಲ್ಲಿ ಸಿಮೆಂಟು ಮೂಟೆ ಇಳಿಸಿ ಬರುವಷ್ಟರಲ್ಲಿ ಕೂಸಿನ ಹೊಕ್ಕುಳಬಳ್ಳಿ ಉದುರಿಹೋಗಿತ್ತು. ಹೆಂಡತಿ ಜಗಳವಾಡಲಿಲ್ಲ, ಆಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಮನೆಗೆ ಬಂದವರ ಮುಂದೆಲ್ಲ ನಗುನಗುತ್ತಲೇ ಅದನ್ನು ಹೇಳುತ್ತ ಬಂದಳು. ಅದಕ್ಕೇ ಅವಳು ಮತ್ತೆ ಬಸಿರಾದಾಗ, ಈ ಸಲ ಏನಾದರಾಗಲಿ, ಹೆರಿಗೆಯ ಹೊತ್ತಿಗೆ ಅಲ್ಲಿರಲೇಬೇಕೆಂದು ಅವನು ಪಟ್ಟು ಹಿಡಿದಿದ್ದ.

ಡಾಕ್ಟರಮ್ಮ ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸಿ ಹೆರಿಗೆಗೆ ಒಂದು ತಾರೀಖು ಹೇಳಿದರು. ಗಡಿಯಾರ ಗಂಟಲು ಸರಿಮಾಡಿಕೊಂಡು, ಆ ಮುಟ್ಟಿನ ದಿನ ತಾನು ಊರಲ್ಲೇ ಇರಲಿಲ್ಲ, ಬಂದದ್ದು ಎರಡು ವಾರ ಬಿಟ್ಟು ಎಂದು ತಿದ್ದುಪಡಿ ಸೂಚಿಸಿದ. ಹೆಂಡತಿ ನೆಲ ನೋಡಿದಳು. ಬಸಿರು ನಿಂತ ದಿನ ಖಚಿತವಾಗಿ ಗೊತ್ತಾಗುವುದು ಕಷ್ಟ, ಮುಟ್ಟಿನ ದಿನ ನೆನಪಿರುತ್ತದೆ, ಅದಕ್ಕೇ ಲೆಕ್ಕ ಅಲ್ಲಿಂದ, ಅದೂ ಬರೀ ಅಂದಾಜು ಎಂದು ಡಾಕ್ಟರಮ್ಮ ನಗು ತಡೆದುಕೊಂಡು ವಿವರಿಸಿದರು. ಗಡಿಯಾರ ತಲೆಯಾಡಿಸಿದ. ನಮ್ಮಂಥ ಗಂಡಸರು ತಲೆಯಾಡಿಸಿದರೆ ಒಪ್ಪಿದೆವೆಂದು ಅರ್ಥವಲ್ಲ. ಆ ತಾರೀಖಿಗೆ ತನ್ನ ಎರಡು ವಾರ ಸೇರಿಸಿ, ನಡುವಿನ ಬಿಡುವಿಗೆ ಸರಿಯಾಗಿ ಒಂದು ದೂರದ ಟ್ರಿಪ್ಪು ಒಪ್ಪಿಕೊಂಡೇಬಿಟ್ಟ.

ಹೊರಡುವ ಮುನ್ನಾದಿನ ಅವನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲಿ ನಿಂತಳು. ಡಾಕ್ಟರು ಹೇಳಿದ್ದು ಕಿವಿಗೆ ಬೀಳಲಿಲ್ಲವೇ ಎಂದು ಕೇಳಿದಳು.

“ಲೋಡೇ ಹತ್ತದೆ ಟ್ರಿಪ್ಪು ಶುರುವಾಗತ್ತೇನೇ?” ಎಂದ ಅವನು.

“ಖಾಲಿ ಗಾಡಿ ಹೊಡ್ಕೊಂಡು ಲೋಡಿಗೆ ಹೋಗ್ತೀರಲ್ಲ, ಆ ದಿನಗಳ ಭತ್ಯೆ ಬಿಟ್ಟುಬಿಡ್ತೀರಾ?”

ಗಡಿಯಾರನ ಕೈ ನಿಂತಿತು. ಶೆಡ್ಡು ಬಿಟ್ಟ ಗಳಿಗೆಯಿಂದಲೇ ಟ್ರಿಪ್ಪು ಎಂದು ಲಾರಿ ಸಾಹುಕಾರರ ಹತ್ತಿರ ವಾದ ಹೂಡಿ ಗೆದ್ದವನು ಅವನೇ. ಬಟ್ಟೆಯನ್ನೆಲ್ಲ ಹೊರತೆಗೆದು, ಟ್ರಿಪ್ಪನ್ನು ಇನ್ನೊಬ್ಬ ಡ್ರೈವರಿಗೆ ದಾಟಿಸಿದ.

ಡಾಕ್ಟರಮ್ಮನ ತಾರೀಖು ಬಂತು, ಹೋಯಿತು, ಮಗು ಬರಲಿಲ್ಲ. ತನ್ನ ಲೆಕ್ಕವೇ ಸರಿಯೇನೋ ಎಂದು ಅವನು ಮೀಸೆ ನೀವಿಕೊಳ್ಳತೊಡಗಿದ. ಒಂದೆರಡು ದಿನ ಕಳೆದು, ಪಾತ್ರೆ ತೊಳೆಯುತ್ತಿದ್ದಾಗ ನೋವು ಕಾಣಿಸಿಕೊಂಡಿತು. ನೋವು ಅವಳಿಗೆ, ಪಾತ್ರೆ ತೊಳೆಯುತ್ತಿದ್ದವನು ಅವನು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ನರ್ಸಮ್ಮ ಒಳಗೆ ಕರೆದಾಗ ಮಗ ಕೆಂಪಗೆ, ಮುಷ್ಟಿ ಬಿಗಿದು ಅಳುತ್ತಿದ್ದ. ಹೆಂಡತಿ ಕಣ್ಣು ತೆರೆದು, “ಬಂದ್ರಾ?” ಎಂದಳು.

“ಹೋಗಿದ್ರೆ ತಾನೇ ಬರೋದು,” ಎನ್ನುತ್ತ ಅವನು ಕೈ ಒರೆಸಿಕೊಂಡು ಮಗುವಿಗಾಗಿ ಚಾಚಿದ.