ದೊರೆಸ್ವಾಮಿಯವರ ಬಿದಿರು ಪಟ್ಟಿ

ದೊರೆಸ್ವಾಮಿಯವರು ಟೇಪು ಹಿಡಿದು ಅಳೆದದ್ದನ್ನು ನಾನು ನೋಡಲೇ ಇಲ್ಲ. ಅವರ ಖಾಕಿ ಅಂಗಿಯ ಕಾಲರಿನೊಳಗೆ, ಬೆನ್ನಿಗೆ ಅಂಟಿಕೊಂಡಂತೆ ಸಿಕ್ಕಿಸಿದ ಎರಡು ಬಿದಿರು ಪಟ್ಟಿಗಳು ಸದಾ ತಲೆಗಿಂತ ಎತ್ತರಕ್ಕೆ ಚಾಚಿಕೊಂಡಿರುತ್ತಿದ್ದವು. ಜೇಬಿನಲ್ಲಿ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು. ಅವರ ಅಳತೆಯ ಸಾಮಾನು ಇಷ್ಟೇ. ಕಾರಿನಡಿ ಮಲಗಿ, ಪಟ್ಟಿಗಳನ್ನು ಒಂದರ ಮೇಲೊಂದು ಜಾರಿಸುತ್ತ, ಒಂದರ ತುದಿ ಈ ಕಡೆ, ಇನ್ನೊಂದರ ತುದಿ ಆ ಕಡೆ ಮುಟ್ಟಿದ ಕೂಡಲೇ ಕ್ಲಿಪ್ಪು ಹಾಕಿ ಹೊರಗೆ ಬರುತ್ತಿದ್ದರು.

"ನಂಬರ್ ಆದ್ರೆ ತಪ್ಪು ಬರೀಬೋದು, ತಪ್ಪು ಓದ್ಬೋದು. ಕಡ್ಡಿಗೆ ಓದಕ್ಕೇ ಬರಲ್ಲ, ಅದ್ಯಾಕೆ ತಪ್ಪು ಹೇಳತ್ತೆ ಮೇಡಂ?" ಎನ್ನುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅವರ ಲೇತ್ ಅಂಗಡಿ ಇದ್ದದ್ದು ಚಾಮರಾಜಪೇಟೆಯಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಅಂಬಾಸಡರ್ ಎರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಎಂಜಿನ್ ಬಿರುಕು ಬಿಟ್ಟು ಸತ್ತೇ ಹೋಗಿತ್ತು. ಅಣ್ಣನಿಗೆ ಆ ಶೆಡ್ಡು ಕೆಡವಿ ಕೋಣೆ ಕಟ್ಟಿಸುವ ಆಸೆ. ಹೊಸ ಎಂಜಿನ್ ಹಾಕಿಸುತ್ತೇನೆಂದು ನಾನು ಹೊರಟಾಗ ಅವನು ಗಡುವು ಕೊಟ್ಟ.

"ಬರೋ ಭಾನುವಾರ ಅದು ತಾನಾಗೇ ಗೇಟ್ ದಾಟ್ಲಿ, ಮನೆ ಮುಂದೆ ನಿಲ್ಸ್ಕೋ, ನಾನ್ ಬೇಡ ಅನ್ನಲ್ಲ. ಇಲ್ಲಾಂದ್ರೆ ಗುಜರಿಯೋನು ಬಂದು ಎಳ್ಕೊಂಡ್ ಹೋಗ್ತಾನೆ."

ಅಮ್ಮ ಜಗಳವಾಡಲಿಲ್ಲ. "ಹಂಗಾದ್ರೆ ಭಾನುವಾರ ನಾನು ಮಲ್ಲೇಶ್ವರಕ್ಕೆ, ತಂಗಿ ಮನೆಗೆ ಹೋಗಿರ್ತೀನಿ. ಅದನ್ನ ನೋಡಕ್ಕೆ ನನ್ನ ಕೈಲಾಗಲ್ಲ" ಎಂದಷ್ಟೇ ಹೇಳಿ ಸೊಪ್ಪು ಬಿಡಿಸತೊಡಗಿದಳು. ನನಗೆ ಹಟ ಹತ್ತಿದ್ದು ಆಗ.

ಗ್ಯಾರೇಜಿನವನೊಬ್ಬ ಬೇರೆ ಕಾರಿನ ಎಂಜಿನ್ನನ್ನು ತಂದು ಕೂರಿಸಿ ಹೋದ. ಎಂಜಿನ್ ಚೆನ್ನಾಗಿಯೇ ಗುನುಗುಟ್ಟಿತು. ಆದರೆ ಅದರ ಗೇರ್‌ಬಾಕ್ಸು ಹಳೆಯದಕ್ಕಿಂತ ಉದ್ದ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗಾಟವನ್ನು ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ, ಅಂದರೆ ಶಾಫ್ಟು, ಈಗ ಅಷ್ಟೇ ಗಿಡ್ಡವಾಗಬೇಕು. ಕಡಿಯುವುದು ಒಂದೇ ಸಲ. ಹೆಚ್ಚುಕಡಿಮೆಯಾದರೆ ಇನ್ನೊಂದು ಶಾಫ್ಟು ಹುಡುಕುವಷ್ಟರಲ್ಲಿ ಭಾನುವಾರ ಬಂದುಬಿಡುತ್ತದೆ. ಗ್ಯಾರೇಜಿನವನು ಬರೆದುಕೊಟ್ಟ ಅಳತೆಯ ಚೀಟಿ ಹಿಡಿದು ದೊರೆಸ್ವಾಮಿಯವರ ಹತ್ತಿರ ಹೋದೆ.

ಅವರು ಚೀಟಿ ಬಿಚ್ಚಲೂ ಇಲ್ಲ. "ಅಳೆಯೋವಾಗ ಗಾಡಿ ಎಲ್ಲಿತ್ತು?"

"ಜಾಕ್ ಮೇಲೆ."

"ಹಂಗಾದ್ರೆ ಇದು ನೇತಾಡ್ತಿದ್ದ ಗಾಡಿ ಅಳತೆ. ನೆಲದ್ ಮೇಲೆ ಇಳಿಸಿ ನಾಲ್ಕು ಜನ ಕೂತ್ರೆ ಹಿಂದ್ಗಡೆ ಆಕ್ಸಲ್ ಮೇಲಕ್ಕೆ ಬಂದು, ಶಾಫ್ಟು ಹೋಗಿ ಗೇರ್‌ಬಾಕ್ಸಿಗೆ ಗುದ್ದತ್ತೆ. ನಾನೇ ಬರ್ತೀನಿ. ಗಾಡೀಲಿ ಯಾರ್ಯಾರು ಕೂರ್ತೀರಾ?" ಊಟಕ್ಕೆ ಎಷ್ಟು ಜನ ಎಂದು ಅಡುಗೆಯವರು ಕೇಳುವ ಹಾಗೆ ಕೇಳಿದರು.

ಗುರುವಾರ ಬೆಳಿಗ್ಗೆ ಬಂದವರೇ ನಾಲ್ಕೂ ಚಕ್ರಗಳಡಿ ದಪ್ಪ ಹಲಗೆ ಕೊಟ್ಟು, ಕಾರಿನಲ್ಲಿ ಓಡಾಡುವವರನ್ನೆಲ್ಲ ಹತ್ತಿಸಿದರು. ಹಿಂದೆ ಚಿಕ್ಕಪ್ಪ, ಚಿಕ್ಕಮ್ಮ. ಮುಂದೆ ಎಡಗಡೆ ಅಮ್ಮ. ಸ್ಪ್ರಿಂಗು ಎಷ್ಟು ತಗ್ಗುತ್ತದೆಂದು ಹೇಳಿದರೆ ತ್ರಿಕೋನದ ಲೆಕ್ಕ ಹಾಕಿಯೇ ಉದ್ದ ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚಿದೆ. "ಲೆಕ್ಕ ಆಮೇಲ್ ಮಾಡಿ ಮೇಡಂ, ಮೊದ್ಲು ಸ್ಟೀರಿಂಗ್ ಮುಂದೆ ಕೂತ್ಕೊಳ್ಳಿ" ಎಂದರು.

ಆಗ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಇವಳು ಕಡ್ಡಿ ಥರ ಇದಾಳೆ. ಅವರು ಒಳ್ಳೆ ಆಳು. ಒಳಗೆ ಅಕ್ಕಿ ಮೂಟೆ ಇದೆ, ಅವರ ತೂಕಕ್ಕೆ ಅದನ್ನೂ ಇಡಿಸಿ."

ಅವರು ಎಂದರೆ ಅಪ್ಪ. ದೊರೆಸ್ವಾಮಿಯವರು ಕಿಟಕಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. "ಅಮ್ಮಾ, ಇನ್ಮೇಲೆ ಓಡ್ಸೋರು ಇವ್ರು. ಅಳತೆ ಇವ್ರಿಗೇ ತಗೋಬೇಕು. ಯಜಮಾನ್ರ ತೂಕ ಇಟ್ಟು ಕಡಿದ್ರೆ ಇವ್ರು ಓಡ್ಸೋವಾಗ ಗಾಡಿ ನಡುಗತ್ತೆ." ಅಷ್ಟು ತೂಕಕ್ಕೆಲ್ಲ ಗಾಡಿ ನಡುಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಮ್ಮ ನನ್ನನ್ನು ಒಂದು ಗಳಿಗೆ ನೋಡಿ, "ಸರಿ, ಹಂಗೇ ಮಾಡಿ" ಎಂದಳು. ನಾನು ಸ್ಟೀರಿಂಗ್ ಹಿಡಿದುಕೊಂಡೆ.

ದೊರೆಸ್ವಾಮಿಯವರು ಕಾರಿನಡಿಗೆ ನುಸುಳಿದರು. ಹತ್ತು ನಿಮಿಷ ಯಾರೂ ಅಲುಗಾಡಬಾರದು. ಅಷ್ಟರಲ್ಲಿ ಪಡಸಾಲೆಯಿಂದ ಕಾಫಿಯ ಘಮ ಬಂತು. ಚಿಕ್ಕಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಬಾಗಿಲು ತೆಗೆದು ಇಳಿದ.

"ಯಾರೋ ಇಳಿದ್ರು" ಎಂದಿತು ಕಾರಿನಡಿಯ ದನಿ. "ಹಿಂದ್ಗಡೆಯಿಂದ. ಭಾರಿ ಆಳೇ."

ಲೋಟ ಹಿಡಿದುಕೊಂಡೇ ಚಿಕ್ಕಪ್ಪ ವಾಪಸು ಹತ್ತಿದ. "ಕಾಫಿ ಪೂರ್ತಿ ಕುಡೀರಿ ಸಾರ್, ಆದ್ರೆ ಒಳಗೇ ಕುಡೀರಿ" ಎಂದಿತು ಅದೇ ದನಿ. ಚಿಕ್ಕಮ್ಮ ನಕ್ಕ ರಭಸಕ್ಕೆ ಕಾರು ಕುಲುಕಿ, ಪಾಪ, ಅವರು ಎರಡನೆಯ ಸಲ ಕ್ಲಿಪ್ಪು ಬಿಚ್ಚಿ ಅಳೆಯಬೇಕಾಯಿತು.

ಹೊರಗೆ ಬಂದವರು ಪಟ್ಟಿಯ ತುದಿಗೆ ಹೆಬ್ಬೆರಳು ಅಡ್ಡ ಇಟ್ಟು, ಅಷ್ಟು ಬಿಟ್ಟು ಸೀಮೆಸುಣ್ಣದ ಗೆರೆ ಹಾಕಿದರು. "ಅಳತೆ ಎಷ್ಟಿದ್ಯೋ ಅಷ್ಟಕ್ಕೇ ಕಡೀಬಾರ್ದು. ಶಾಫ್ಟಿಗೂ ಉಸಿರಾಡಕ್ಕೆ ಒಂದಿಂಚು ಬೇಕು. ಉಬ್ಬು ಹತ್ತಿದ್ರೆ ಒಳಗೆ ಹೋಗತ್ತೆ, ಹಳ್ಳಕ್ಕಿಳಿದ್ರೆ ಹೊರಗೆ ಬರತ್ತೆ." ಕುತೂಹಲ ತಡೆಯಲಾರದೆ ನಾನು ಸ್ಕೇಲು ತಂದು ಆ ಹೆಬ್ಬೆರಳನ್ನು ಅಳೆದೆ. ಸರಿಯಾಗಿ ಒಂದಿಂಚು. ಅವರು ಬೇಸರ ಮಾಡಿಕೊಳ್ಳದೆ ಇನ್ನೊಂದು ಹೆಬ್ಬೆರಳನ್ನೂ ಚಾಚಿದರು.

ಶನಿವಾರ ಸಂಜೆಯೊಳಗೆ ಶಾಫ್ಟು ಕಡಿದು, ಬೆಸುಗೆ ಹಾಕಿ, ತೂಗಿ ಸಮ ಮಾಡಿ ಜೋಡಿಸಿದರು. ಭಾನುವಾರ ಗುಜರಿಯವನು ಹಗ್ಗ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಗ, ನಾನು ಕಾರನ್ನು ಅವನ ಪಕ್ಕದಿಂದಲೇ ರಸ್ತೆಗಿಳಿಸಿದೆ. ಅಣ್ಣ ತಾನೇ ಗೇಟು ಹಿಡಿದುಕೊಂಡಿದ್ದ. ಮಲ್ಲೇಶ್ವರಕ್ಕೆಂದು ಹೊಸ ಸೀರೆಯುಟ್ಟು ಕೂತಿದ್ದ ಅಮ್ಮ, ಚೀಲ ಒಳಗೆಸೆದು ಬಂದು ಕಾರು ಹತ್ತಿದಳು.

ದೊರೆಸ್ವಾಮಿಯವರನ್ನೂ ಬಲವಂತ ಮಾಡಿ ಹಿಂದೆ ಕೂರಿಸಿಕೊಂಡು ಬಸವನಗುಡಿಗೆ ಒಂದು ಸುತ್ತು ಹೊರಟೆವು. ಅವರು ಬಗ್ಗಿ, ಶಾಫ್ಟು ಹಾದುಹೋಗುವ ನಡುವಿನ ಉಬ್ಬಿನ ಮೇಲೆ ಅಂಗೈ ಇಟ್ಟು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಗಾಂಧಿಬಜಾರಿನ ಹತ್ತಿರ ಕಣ್ಣು ಬಿಟ್ಟು, "ಇಷ್ಟು ವರ್ಷದಲ್ಲಿ ಎಷ್ಟೋ ಶಾಫ್ಟು ಕಡ್ದಿದೀನಿ. ನಾನು ಕಡ್ದಿದ್ರ ಮೇಲೆ ಕೂತು ಹೋಗ್ತಿರೋದು ಇದೇ ಮೊದ್ಲು" ಎಂದರು. ಯಾರೂ ಅವರನ್ನು ಹತ್ತಿಸಿಕೊಂಡಿರಲಿಲ್ಲವಂತೆ. ಅಂಗಡಿಯ ಮುಂದೆ ಇಳಿದಾಗ, "ಏನಾದ್ರೂ ನಡುಗಿದ್ರೆ ಬಂದ್ಬಿಡಿ ಮೇಡಂ" ಎಂದು ಕೈ ಮುಗಿದರು.

ಏನೂ ನಡುಗಲಿಲ್ಲ. ವಾರಕ್ಕೆರಡು ಸಲ ಅಮ್ಮನನ್ನು ಕೂರಿಸಿಕೊಂಡು ಅವರ ರಸ್ತೆಯಲ್ಲೇ ಓಡಾಡಿದೆ. ಕೆಲಸವಿಲ್ಲದೆ ಹೋಗಿ ಅವರ ಹೊತ್ತು ಹಾಳು ಮಾಡುವುದೇಕೆ ಎಂದುಕೊಂಡು ಒಮ್ಮೆಯೂ ನಿಲ್ಲಿಸಲಿಲ್ಲ. ಒಂದೂವರೆ ವರ್ಷದ ಮೇಲೆ, ಅಂಗಡಿಯ ಬಾಗಿಲು ವಾರಗಟ್ಟಲೆ ಎಳೆದೇ ಇರುವುದು ಕಂಡು ಇಳಿದು ವಿಚಾರಿಸಿದೆ. ಎದುರಿನ ಹೂವಿನಾಕೆ, ಅವರು ತೀರಿಕೊಂಡು ತಿಂಗಳಾಯಿತು ಎಂದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಕಾರು ಸ್ವಲ್ಪ ನಡುಗುತ್ತಿದೆ ಎಂದು ಸುಳ್ಳಾದರೂ ಹೇಳಿಕೊಂಡು ಒಂದು ದಿನ ಹೋಗಿಬರಬಹುದಿತ್ತು.